ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಕ್ಷೌರದಂಗಡಿಯ ಕುರ್ಚಿಯ ಮೇಲೆ ಕೂರುವುದು ದೊಡ್ಡ ಕ್ರಾಂತಿಯೇನಲ್ಲ. ದುಡ್ಡು ಕೊಟ್ಟು ಕೂದಲು ಕತ್ತರಿಸಿಕೊಳ್ಳುವ ಮಾತು. ಆದರೆ ಕೊಪ್ಪಳ ಜಿಲ್ಲೆಯಲ್ಲಿ ಈ ಕುರ್ಚಿಯ ಸುತ್ತ ಗುಡಿಸಲುಗಳು ಸುಟ್ಟಿವೆ, ನೆತ್ತರು ಬಿದ್ದಿದೆ, ಮಂದಿ ಜೈಲು ಕಂಡಿದ್ದಾರೆ. ಇಷ್ಟೆಲ್ಲ ಆದಮೇಲೂ ಸರಕಾರದ ಚೀಲದಿಂದ ಹೊರಬರುವ ಮದ್ದು ಒಂದೇ: ಜಾಗೃತಿ ಕಾರ್ಯಕ್ರಮ. ಬೇನೆ ಯಾವುದು, ಎಲ್ಲಿ ಹುಟ್ಟಿತು, ಯಾರ ಮೈಯಲ್ಲಿದೆ ಎಂದು ನೋಡದೆ ಮದ್ದು ಅರೆಯುವ ಈ ವೈದ್ಯರ ಬಗ್ಗೆ ನಾವು ನಾಲ್ಕು ಮಾತು ಆಡಲೇಬೇಕಾಗಿದೆ.

ಗಂಗಾವತಿ ತಾಲ್ಲೂಕಿನ ಮರಳಿಯಲ್ಲಿ ಕೂತು ಬರೆಯುತ್ತಿರುವ ನಮಗೆ ಇದು ದೂರದ ಸುದ್ದಿಯಲ್ಲ. ಮರಕುಂಬಿ ನಮ್ಮ ತಾಲ್ಲೂಕಿನದೇ. ಮಿಯಾಪುರ ಕುಷ್ಟಗಿಯದು. ಸಂಗನಾಳ ಯಲಬುರ್ಗಾದ್ದು. ಹಾಲವರ್ತಿ, ಮುದ್ದಾಬಳ್ಳಿ ಕೊಪ್ಪಳದವು. ಜಿಲ್ಲೆಯ ಹಳೆಯ ನಾಲ್ಕೂ ತಾಲ್ಲೂಕುಗಳು ಹಾಜರಿ ಹಾಕಿವೆ. ಯಾವುದೂ ತಪ್ಪಿಸಿಕೊಂಡಿಲ್ಲ.

ಮೊದಲು ಮುದ್ದಾಬಳ್ಳಿಯ ಮಾತು. ಕೊಪ್ಪಳ ಪಟ್ಟಣಕ್ಕೆ ಹತ್ತಿರದ ಊರು. ಅಲ್ಲಿ ದಲಿತರಿಗೆ ಕ್ಷೌರ ಮಾಡುತ್ತಿರಲಿಲ್ಲ. ಪೊಲೀಸರು ಬಂದು ಎಚ್ಚರಿಕೆ ಕೊಟ್ಟರು. ಆಗಲಿ ಸ್ವಾಮಿ ಎಂದು ಅಂಗಡಿಯವರು ಒಪ್ಪಿದರು. ಆಮೇಲೆ ಏನಾಯಿತು? ಅಂಗಡಿಗಳಿಗೇ ಬೀಗ ಬಿತ್ತು. ಮೇಲ್ಜಾತಿಯವರ ಮನೆಮನೆಗೆ ಹೋಗಿ ಕ್ಷೌರ ಮಾಡುವುದು ಶುರುವಾಯಿತು. ಕೇರಿಯವರು ಕೊಪ್ಪಳದ ಹಾದಿ ಹಿಡಿದರು. 2025ರ ಫೆಬ್ರುವರಿಯಲ್ಲಿ ಇದು ಪತ್ರಿಕೆಗಳಲ್ಲಿ ಬಂತು. ಕಾನೂನಿನ ಕಣ್ಣಿಗೆ ಎಲ್ಲವೂ ಸರಿ! ಅಂಗಡಿಯೇ ಇಲ್ಲದ ಮೇಲೆ ಅಂಗಡಿಯಲ್ಲಿ ಅಸ್ಪೃಶ್ಯತೆ ಎಲ್ಲಿ?

ಇನ್ನು ಮಿಯಾಪುರ. 2021ರ ಸೆಪ್ಟೆಂಬರಿನಲ್ಲಿ ಎರಡು ವರ್ಷದ ದಲಿತ ಕೂಸು ಹುಟ್ಟುಹಬ್ಬದ ದಿನ ಆಂಜನೇಯನ ಗುಡಿಯೊಳಗೆ ಓಡಿತು. ಗುಡಿ ಮೈಲಿಗೆಯಾಯಿತಂತೆ. ಶುದ್ಧಿ ಮಾಡಿಸಲು 25,000 ರೂಪಾಯಿ ಕೊಡಬೇಕೆಂದು ಆ ಕುಟುಂಬಕ್ಕೆ ದಂಡ ಹೇಳಿದರು. ಸುದ್ದಿಯಾದ ಮೇಲೆ ಐದು ಮಂದಿಯ ಬಂಧನವಾಯಿತು. ಅಧಿಕಾರಿಗಳು ಊರಿಗೆ ಬಂದು ಸಭೆ ಮಾಡಿ ತಿಳಿವಳಿಕೆ ಹೇಳಿದರು. 2022ರಲ್ಲಿ ಸರಕಾರ ಆ ಕೂಸಿನ ಹೆಸರಿನಲ್ಲೇ ಸಾಮರಸ್ಯದ ಯೋಜನೆಯೊಂದನ್ನು ಘೋಷಿಸಿತು. ಕೂಸಿನ ಹೆಸರು ಯೋಜನೆಗೆ ಬಂತು. ದಂಡ ಹೇಳಿದ ಕಟ್ಟೆಗೆ ಆ ಅಧಿಕಾರ ಎಲ್ಲಿಂದ ಬಂತು ಎಂಬ ಪ್ರಶ್ನೆ ಯಾವ ಯೋಜನೆಯ ಹೆಸರಿನಲ್ಲೂ ಬರಲಿಲ್ಲ.

ಗೆಳೆಯರೇ, ಸರಕಾರ ಬರೆದುಕೊಂಡಿರುವ ಕಾರಣ ಏನು ಗೊತ್ತೆ? ಅಜ್ಞಾನ. ಹಳ್ಳಿಯ ಮಂದಿಗೆ ತಿಳಿವಳಿಕೆ ಇಲ್ಲ, ಹಳೆಯ ಸಂಪ್ರದಾಯ ಬಿಟ್ಟಿಲ್ಲ, ಮನಃಪರಿವರ್ತನೆ ಆಗಬೇಕು. ಈ ಮನಃಪರಿವರ್ತನೆ ಎಂಬ ಶಬ್ದವನ್ನು ನಮ್ಮ ತಾತಂದಿರು ಕೇಳಿದರು, ನಮ್ಮ ಅಪ್ಪಂದಿರು ಕೇಳಿದರು, ಈಗ ನಮ್ಮ ಮಕ್ಕಳ ಕಿವಿಗೂ ಬಿದ್ದಿದೆ. ಕಾರಣ ಅಜ್ಞಾನ ಎಂದು ಬರೆದುಕೊಂಡರೆ ಮದ್ದು ಭಾಷಣವೇ ಆಗುತ್ತದೆ. ಶಾಮಿಯಾನಾ ಹಾಕು, ಮೈಕು ಕಟ್ಟು, ಪ್ರತಿಜ್ಞೆ ಬೋಧಿಸು, ಫೋಟೋ ತೆಗೆ, ಬಿಲ್ಲು ಮಾಡು. ಬೇನೆ ಮಾತ್ರ ಅಲ್ಲೇ ಮಲಗಿರುತ್ತದೆ.

ಹಳೆಯ ಸಂಪ್ರದಾಯ ಎಂಬುದನ್ನೇ ಸ್ವಲ್ಪ ಬಿಡಿಸಿ ನೋಡೋಣ. ತಿರುಗುವ ಕುರ್ಚಿ, ಎದುರಿಗೆ ಗೋಡೆಯಷ್ಟು ಕನ್ನಡಿ, ಕೊರಳಿಗೆ ಬಿಳಿ ಅರಿವೆ, ರೇಟಿನ ಬೋರ್ಡು. ಇದು ಯಾವ ಶಾಸ್ತ್ರದ ಯಾವ ಕಾಲದ ಸಂಪ್ರದಾಯ? ಹಿಂದೆ ಹಡಪದವನು ಆಯಗಾರನಾಗಿದ್ದ. ಸುಗ್ಗಿಯಲ್ಲಿ ರೈತರ ಕಣಕ್ಕೆ ಹೋಗಿ ಆಯದ ಕಾಳು ತರುತ್ತಿದ್ದ, ವರುಷವಿಡೀ ಅವರ ಮನೆಕಟ್ಟೆಯ ಮೇಲೆ ಕೂತು ಕ್ಷೌರ ಮಾಡುತ್ತಿದ್ದ. ಕೇರಿಯವರು ಒಬ್ಬರ ತಲೆ ಇನ್ನೊಬ್ಬರು ಬೋಳಿಸಿಕೊಳ್ಳುತ್ತಿದ್ದರು. ಅಂದು ಕುರ್ಚಿಯೂ ಇರಲಿಲ್ಲ, ಕುರ್ಚಿಯ ಜಗಳವೂ ಇರಲಿಲ್ಲ. ಅಂಗಡಿ ಬಂದದ್ದು ಹೊಸದು. ದುಡ್ಡು ಕೊಟ್ಟವನು ಯಾರೇ ಆಗಲಿ ಒಂದೇ ಕುರ್ಚಿಯ ಮೇಲೆ ಕೂರಬೇಕಾದದ್ದು ಇನ್ನೂ ಹೊಸದು. ಆದ್ದರಿಂದ 'ಒಲ್ಲೆ' ಎಂಬ ಮಾತೂ ಹಳೆಯ ಚಟವಲ್ಲ. ಹೊಸದಾಗಿ ಬಂದ ಸಮಾನತೆಗೆ ಹೊಸದಾಗಿ ಹಾಕಿದ ಬೇಲಿ. ಚಟ ಎಂದು ತಿಳಿದು ಬುದ್ಧಿ ಹೇಳಲು ಹೋದರೆ ಬೇಲಿ ಕಿತ್ತೀತೆ?

ಒಬ್ಬ ಮನುಷ್ಯ ಯಾಕೆ ಹೀಗೆ ನಡೆದುಕೊಳ್ಳುತ್ತಾನೆ ಎಂದು ತಿಳಿಯಬೇಕಾದರೆ ಅವನ ಎದೆ ಬಗೆದು ನೋಡಬೇಕಾಗಿಲ್ಲ. ಮೂರು ಪ್ರಶ್ನೆ ಕೇಳಿದರೆ ಸಾಕು. ಎಲ್ಲಿ ಹಿಂಗ ಮಾಡ್ತಾನ, ಎಲ್ಲಿ ಮಾಡಂಗಿಲ್ಲ? ಇದಕ್ಕಿಂತ ಮೊದಲ ಏನಾಗಿತ್ತು? ಇದಾದ ಮ್ಯಾಲೆ ಯಾರಿಗೆ ಏನ್ ಸಿಕ್ತು, ಯಾರು ಏನ್ ಕಳಕೊಂಡ್ರು? ದನಕ್ಕೆ ಬೇನೆ ಬಂದರೆ ನಮ್ಮ ಮುದುಕರು ಇಷ್ಟು ಕೇಳುತ್ತಾರೆ. ಎಲ್ಲಿ ಮೇಯ್ತು, ಏನು ತಿಂತು, ಯಾವಾಗಿನಿಂದ ಮೆಲುಕು ಹಾಕಿಲ್ಲ? ದನಕ್ಕೆ ಕೇಳುವ ಪ್ರಶ್ನೆಯನ್ನು ಜಿಲ್ಲಾಡಳಿತ ಮನುಷ್ಯರ ವಿಷಯದಲ್ಲಿ ಕೇಳುವುದಿಲ್ಲ.

ಮೊದಲನೆಯ ಪ್ರಶ್ನೆ ಕೇಳಿ ನೋಡಿ. ಹಳ್ಳಿಯಲ್ಲಿ ದಲಿತನ ತಲೆ ಮುಟ್ಟದ ಕೈಯೇ ಗಂಗಾವತಿಗೆ ಬಂದು ಅಂಗಡಿ ಹಾಕಿದರೆ ಬಂದವರ ತಲೆಯನ್ನೆಲ್ಲ ಮುಟ್ಟುತ್ತದೆ. ಯಾವ ಜಾತಿ ಎಂದು ಕೇಳುವುದಿಲ್ಲ. ಬೆಂಗಳೂರಿಗೆ ಹೋದರಂತೂ ಮಾತೇ ಇಲ್ಲ. ಅದೇ ಕತ್ತರಿ, ಅದೇ ಮನಸ್ಸು, ಅದೇ ದೇವರು. ಬೆನ್ನ ಹಿಂದೆ ಬದಲಾದದ್ದೇನು? ಪಟ್ಟಣದಲ್ಲಿ ಅವನಿಗೆ ಗಿರಾಕಿಗಳು ನೂರಾರು, ಅವರು ಒಬ್ಬರಿಗೊಬ್ಬರು ಗೊತ್ತಿಲ್ಲ. ಒಬ್ಬ ಗೌಡ ಮುನಿಸಿಕೊಂಡರೆ ಅಂಗಡಿ ಮುಳುಗುವುದಿಲ್ಲ. ಹಳ್ಳಿಯಲ್ಲಿ ಅಂಗಡಿಯ ಜಾಗ ಅವರದು, ಕಷ್ಟಕ್ಕೆ ಕೈಗಡ ಕೊಡುವವರು ಅವರು, ಮದುವೆ ಮುಂಜಿಯಲ್ಲಿ ಅವನನ್ನು ಕರೆಯುವವರೂ ಅವರೇ. 'ನಾ ಮಾಡ್ತೀನಪಾ, ಆದ್ರ ನಾಳಿಂದ ಊರವ್ರು ಯಾರೂ ನನ್ನ ಅಂಗಡಿ ಹತ್ತಂಗಿಲ್ಲ' ಎಂಬ ಮಾತನ್ನು ನಾವು ಒಬ್ಬರಿಂದಲ್ಲ, ಊರೂರಲ್ಲಿ ಕೇಳಿದ್ದೇವೆ. ಇದು ಅಜ್ಞಾನದ ಮಾತೆ? ಇದು ಲೆಕ್ಕ ಬಲ್ಲವನ ಮಾತು.

ಎರಡನೆಯ ಪ್ರಶ್ನೆ, ಮೊದಲು ಏನಾಗಿತ್ತು? ತುಂಗಭದ್ರೆಯ ಅಣೆಕಟ್ಟು 1953ರಲ್ಲಿ ಮುಗಿದು ಎಡದಂಡೆ ಕಾಲುವೆಯ ನೀರು ಬಂದು ಗಂಗಾವತಿ ಭತ್ತದ ಕಣಜವಾಯಿತು. ಕಣಜ ಯಾರದು, ಕೂಲಿ ಯಾರದು ಎಂದು ಹೇಳಬೇಕಾಗಿಲ್ಲ. ಕುಷ್ಟಗಿ, ಯಲಬುರ್ಗಾದ ಬೆದ್ದಲು ಸೀಮೆಗೆ ಆ ನೀರೂ ಇಲ್ಲ. ಮಳೆ ಕೈಕೊಟ್ಟರೆ ಗುಳೆ. ನಮ್ಮ ಹುಡುಗರು ಬೆಂಗಳೂರು, ಗೋವಾ, ಮಂಗಳೂರು ಎಂದು ದುಡಿಯಲು ಹೋದರು. ಅಲ್ಲಿ ಯಾರೂ ಅವರನ್ನು ಕುರ್ಚಿಯಿಂದ ಎಬ್ಬಿಸಲಿಲ್ಲ. ಕಿಸೆಯಲ್ಲಿ ದುಡ್ಡಿಟ್ಟುಕೊಂಡು, ತಲೆಯ ಮೇಲೆ ಹೊಸ ಕಟಿಂಗಿನೊಂದಿಗೆ ಹಬ್ಬಕ್ಕೆ ಊರಿಗೆ ಬಂದರು. ಅಲ್ಲಿ ಕೂತ ಹುಡುಗ ಇಲ್ಲಿ ಯಾಕೆ ನಿಲ್ಲಬೇಕು? ಕೇಳಿದ. ಕೇಳಿದ ದಿನವೇ ಊರಿಗೆ ಶಾಸ್ತ್ರ ನೆನಪಾಯಿತು. ಅಲ್ಲಿಯವರೆಗೆ ಮಲಗಿದ್ದ ಮಡಿ-ಮೈಲಿಗೆ ಎದ್ದು ಕೂತಿತು. ಊರನ್ನು ಕೆರಳಿಸಿದ್ದು ಅವನ ಕೂದಲಲ್ಲ, ಅವನು ಇನ್ನು ಮುಂದೆ ಕೈಕಟ್ಟಿ ನಿಲ್ಲುವುದಿಲ್ಲ ಎಂಬ ಸುದ್ದಿ.

ಮೂರನೆಯ ಪ್ರಶ್ನೆಯೇ ಮುಖ್ಯ. ಬೀಗ ಬಿದ್ದ ಮೇಲೆ ಯಾರಿಗೆ ಏನು ಸಿಕ್ಕಿತು? ಊರ ಯಜಮಾನನಿಗೆ ಮನೆಬಾಗಿಲಿಗೇ ಕ್ಷೌರ ಬಂತು. ಆಯದ ಕಾಲ ತಿರುಗಿ ಬಂತು. ಅಂಗಡಿಯವನು ಸ್ವತಂತ್ರ ವ್ಯಾಪಾರಿಯಾಗಿದ್ದವನು ಮತ್ತೆ ಕಟ್ಟೆಯ ಮೇಲಿನ ಆಳಾದ. ಕೇರಿಯವನು ಅರ್ಧ ದಿನದ ಕೂಲಿ ಬಿಟ್ಟು, ಬಸ್ಸಿನ ದುಡ್ಡು ಕೊಟ್ಟು, ಕಟಿಂಗಿಗೆ ಪಟ್ಟಣಕ್ಕೆ ಹೋದ. ಅಧಿಕಾರಿಗೆ ಶಾಂತಿ ಸಿಕ್ಕಿತು. ಒಂದೇ ಬೀಗದಿಂದ ಗೆದ್ದವರು ಯಾರು, ಸೋತವರು ಯಾರು ಎಂಬ ಪಟ್ಟಿ ಮಾಡಿದರೆ ಕೀಲಿ ಯಾರ ಸೊಂಟದಲ್ಲಿದೆ ಎಂದು ತಾನಾಗಿ ಗೊತ್ತಾಗುತ್ತದೆ. ಆದರೆ ಪೊಲೀಸರ ಕಣ್ಣು ಬೀಗ ಹಾಕಿದ ಕೈಯನ್ನಷ್ಟೇ ನೋಡುತ್ತದೆ. ಎತ್ತಿಗೆ ಜ್ವರ, ಎಮ್ಮೆಗೆ ಬರೆ.

ಹಾಗಾದರೆ ಕ್ಷೌರಿಕ ಅಮಾಯಕನೆ? ಅಲ್ಲ. ಇಲ್ಲಿ ನಮ್ಮ ಮಾತನ್ನು ಯಾರೂ ತಿರುಚಬಾರದು. 2024ರ ಆಗಸ್ಟಿನಲ್ಲಿ ಸಂಗನಾಳದಲ್ಲಿ ಕ್ಷೌರಕ್ಕೆಂದು ಹೋದ ದಲಿತ ಯುವಕ ಅದೇ ಅಂಗಡಿಯ ಕತ್ತರಿಯ ಇರಿತಕ್ಕೆ ಸತ್ತ. ಮೊದಲು ದುಡ್ಡು ಇಡು ಎಂಬ ಮಾತಿನಿಂದ ಜಗಳ ಹತ್ತಿತೆಂದು ವರದಿಯಾಯಿತು. ದುಡ್ಡು ಇದೆಯೋ ಇಲ್ಲವೋ ಎಂಬ ಅನುಮಾನ ಯಾರ ಮುಖ ನೋಡಿದಾಗ ಹುಟ್ಟುತ್ತದೆ? ಅವನ ಮೇಲೆ ಕೂತವರು ಅವನನ್ನು ತುಳಿಯುತ್ತಾರೆ ನಿಜ. ಆದರೆ ತನ್ನ ಕೆಳಗೂ ಒಬ್ಬನಿದ್ದಾನೆ ಎಂಬ ಸಮಾಧಾನವನ್ನು ಅವನು ಬಿಡಲು ಒಲ್ಲ. ಹಡಪದ ಅಪ್ಪಣ್ಣ ಬಸವಣ್ಣನ ಪಕ್ಕದಲ್ಲಿ ಕೂತ ಶರಣ. ಆ ಹೆಸರು ಹೇಳಿಕೊಂಡು ಸಮಾವೇಶ ಮಾಡುವವರು ತಮ್ಮ ಪಕ್ಕದಲ್ಲಿ ಯಾರನ್ನು ಕೂರಿಸುತ್ತಾರೆ ಎಂದು ನಾವು ಕೇಳಿಯೇ ಕೇಳುತ್ತೇವೆ.

ನಾವು ಹೇಳುವುದು ಇಷ್ಟು: ಒಂದೇ ಕೃತ್ಯ, ಕಾರಣ ಬೇರೆ ಬೇರೆ. 'ದಲಿತರಿಗೆ ಕುರ್ಚಿ ಇಲ್ಲ' ಎಂಬ ಒಂದು ಮಾತನ್ನು ನಾಲ್ಕು ಮಂದಿ ನಾಲ್ಕು ಕಾರಣಕ್ಕೆ ಹೇಳುತ್ತಾರೆ. ಜಮೀನು ಇದ್ದವನು ಯಜಮಾನಿಕೆಗಾಗಿ. ಅಂಗಡಿಯವನು ಹೊಟ್ಟೆಯ ಹೆದರಿಕೆಗೆ, ಜೊತೆಗೆ ಒಂದು ಮೆಟ್ಟಿಲು ಮೇಲಿರುವ ಸುಖಕ್ಕೆ. ಸಣ್ಣ ರೈತ ತನ್ನನ್ನು ಊರು ಬಿಟ್ಟೀತು ಎಂಬ ಭಯಕ್ಕೆ. ಅಧಿಕಾರಿ ಗದ್ದಲ ಬೇಡ, ವರ್ಗಾವಣೆ ಬೇಡ ಎಂಬ ಕಾರಣಕ್ಕೆ. ಈ ನಾಲ್ವರಿಗೂ ಒಂದೇ ಭಾಷಣ ಕುಡಿಸಿದರೆ ಯಾರಿಗೆ ವಾಸಿಯಾಗುತ್ತದೆ? ಯಜಮಾನಿಕೆಗೆ ಶಿಕ್ಷೆ ಬೇಕು. ಹೊಟ್ಟೆಯ ಹೆದರಿಕೆಗೆ ಆಸರೆ ಬೇಕು. ಊರಿನ ಭಯಕ್ಕೆ ಧೈರ್ಯ ಬೇಕು. ಅಧಿಕಾರಿಗೆ ಕಾನೂನಿನ ಚುರುಕು ಬೇಕು.

ಕಾರಣ ತಪ್ಪು ಬರೆದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ಮರಕುಂಬಿಗಿಂತ ದೊಡ್ಡ ಪಾಠ ಬೇಕೆ? 2014ರ ಆಗಸ್ಟ್ 28ರಂದು ಮರಕುಂಬಿಯ ದಲಿತರ ಕೇರಿಗೆ ಗುಂಪು ನುಗ್ಗಿತು. ಬಡಿಯಿತು, ಗುಡಿಸಲಿಗೆ ಬೆಂಕಿ ಇಟ್ಟಿತು. ಕಾರಣ? ಗಂಗಾವತಿಯ ಟಾಕೀಸಿನಲ್ಲಿ ಸಿನೆಮಾ ಟಿಕೀಟಿನ ಜಗಳ ಎಂದರು. ಟಿಕೀಟಿನ ಜಗಳ ಎಂದು ಬರೆದರೆ ಅದು ಹುಡುಗರ ಗಲಾಟೆ. ಶಾಂತಿ ಸಭೆ ಸಾಕು, ನಾಲ್ಕು ದಿನ ಪೊಲೀಸ್ ವ್ಯಾನು ಸಾಕು. ಆದರೆ ಟಾಕೀಸಿನ ಜಗಳಕ್ಕೆ ಟಾಕೀಸು ಸುಡಲಿಲ್ಲ, ಕೇರಿ ಸುಟ್ಟಿತು. ಯಾಕೆ? ಆ ಊರಿನಲ್ಲಿ ಹೋಟೆಲಿನೊಳಗೆ ಬಿಡಿ, ಕ್ಷೌರ ಮಾಡಿ ಎಂದು ದಲಿತರು ಕೇಳುತ್ತಿದ್ದರು. ಸಿಟ್ಟು ಮೊದಲೇ ಒಟ್ಟಿಟ್ಟಿತ್ತು. ಟಿಕೀಟು ಬೆಂಕಿಕಡ್ಡಿ ಮಾತ್ರ. ಕಡ್ಡಿಯನ್ನು ಹುಡುಕಿ ಹಿಡಿದವರು ಬಣವೆ ಒಟ್ಟಿದವರನ್ನು ಕೇಳದೆ ಬಿಟ್ಟರೆ ಅದು ತನಿಖೆಯಲ್ಲ.

ಹತ್ತು ವರ್ಷ ಕಳೆದು 2024ರ ಅಕ್ಟೋಬರ್ 24ರಂದು ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ, 3 ಮಂದಿಗೆ 5 ವರ್ಷದ ಶಿಕ್ಷೆ ಕೊಟ್ಟಿತು. ದೇಶವೇ ತಿರುಗಿ ನೋಡಿದ ತೀರ್ಪು. ನವೆಂಬರಿನಲ್ಲಿ ಹೈಕೋರ್ಟಿನ ಧಾರವಾಡ ಪೀಠದಿಂದ ಅವರಲ್ಲಿ ಬಹುತೇಕರಿಗೆ ಜಾಮೀನು ಸಿಕ್ಕಿತು. ತೀರ್ಪಿನ ಬಗ್ಗೆ ನಮಗೆ ಹೆಮ್ಮೆ ಇದೆ. ಹತ್ತು ವರ್ಷ ಹೆದರದೆ ಸಾಕ್ಷಿ ನುಡಿದ ಕೇರಿಯ ಹೆಂಗಸರು ಗಂಡಸರಿಗೆ ನಮ್ಮ ಶರಣು. ಆದರೆ 98 ಮಂದಿ ಜೈಲಿಗೆ ಹೋದರು ಎಂದ ಮಾತ್ರಕ್ಕೆ ಕುರ್ಚಿ ಸಿಕ್ಕಂತಾಯಿತೆ? ತೀರ್ಪಿಗಿಂತ ಮೊದಲು, ಅದೇ ವರ್ಷದಲ್ಲಿ, ಹಾಲವರ್ತಿಯಲ್ಲಿ ಹೋಟೆಲಿನ ಬಾಗಿಲು ದಲಿತರಿಗೆ ಮುಚ್ಚಿದ ಸುದ್ದಿ ಬಂದಿತ್ತು. ತೀರ್ಪು ಬಂದು ನಾಲ್ಕು ತಿಂಗಳಾಗುವುದರೊಳಗೆ ಮುದ್ದಾಬಳ್ಳಿಯ ಸುದ್ದಿ ಬಂತು.

ಕೃತ್ಯವನ್ನು ತಡೆದು ಕಾರಣವನ್ನು ಬಿಟ್ಟರೆ ಕೃತ್ಯ ವೇಷ ಬದಲಿಸುತ್ತದೆ. ಚಹಾದಂಗಡಿಯ ಕತೆಯನ್ನೇ ನೋಡಿ. ಹಿಂದೆ ಕೇರಿಯವರಿಗೆ ಬೇರೆ ಗಲಾಸು, ಬೇರೆ ಬಸಿ. ಕುಡಿದು ತಾವೇ ತೊಳೆದಿಡಬೇಕು. ಎರಡು ಗಲಾಸು ಅಪರಾಧ ಎಂದು ಕಾನೂನು ಹೇಳಿತು. ಅಂಗಡಿಯವನು ಏನು ಮಾಡಿದ? ಕೇರಿಯವರಿಗೆ ಕಾಗದದ ಕಪ್ಪು, ಊರವರಿಗೆ ಗಾಜಿನ ಗಲಾಸು. ಕಪ್ಪು ಸ್ವಚ್ಛ, ಕಾನೂನು ಸ್ವಚ್ಛ, ಮೈಲಿಗೆ ಮಾತ್ರ ಹಾಗೇ. ಕುರ್ಚಿಯದೂ ಇದೇ ದಾರಿ. ಹಳ್ಳಿಗಳಲ್ಲಿ ಸರಕಾರವೇ ಕ್ಷೌರದಂಗಡಿ ತೆರೆಯಬೇಕೆಂಬ ಪ್ರಸ್ತಾವವೂ ಕೆಲವು ವರ್ಷದ ಹಿಂದೆ ಕೇಳಿಬಂದಿತ್ತು. ಒಳ್ಳೆಯದೇ. ಆದರೆ ಆ ಅಂಗಡಿಗೆ ಊರವರು ಬರುತ್ತಾರೆಯೆ? ಬಾರದಿದ್ದರೆ ಅದು ಅಂಗಡಿಯಲ್ಲ, ಕನ್ನಡಿ ಹಾಕಿದ ಇನ್ನೊಂದು ಕೇರಿ.

ಕಾರಣ ಹುಡುಕಿ ಮದ್ದು ಕೊಡುವುದು ನಮಗೆ ಹೊಸ ವಿದ್ಯೆಯಲ್ಲ. ಬಾಬಾಸಾಹೇಬರು ಕಲಿಸಿದ್ದೇ ಅದನ್ನು. 1936ರ 'ಜಾತಿ ವಿನಾಶ'ದಲ್ಲಿ ಅವರು ಸುಧಾರಕರನ್ನು ಕೇಳಿದ್ದೇನು? ಜನ ಜಾತಿ ಆಚರಿಸುವುದು ಅವರು ದುಷ್ಟರೆಂದಲ್ಲ, ಅವರ ಧರ್ಮ ಹಾಗೆ ಹೇಳುತ್ತದೆ ಎಂದು. ಹಾಗಿರುವಾಗ ಸಹಪಂಕ್ತಿ ಭೋಜನ ಮಾಡಿಸಿ ಏನು ಫಲ? ಶಾಸ್ತ್ರದ ಅಧಿಕಾರವನ್ನು ಮುರಿಯದೆ ನಡತೆಯನ್ನು ತಿದ್ದಲು ಹೋಗುವುದು ಬೇರು ಬಿಟ್ಟು ಎಲೆ ಕೀಳುವ ಕೆಲಸ ಎಂಬುದೇ ಅವರ ವಾದದ ತಿರುಳು. ಅದಕ್ಕೂ ಮೊದಲು, ಮುಂಬಯಿ ಸರಕಾರ 1928ರಲ್ಲಿ ನೇಮಿಸಿದ ಸ್ಟಾರ್ಟ್ ಸಮಿತಿಯಲ್ಲಿ ಅವರು ಸದಸ್ಯರಾಗಿದ್ದರು. ಹಳ್ಳಿಯ ಅಸ್ಪೃಶ್ಯರು ಹಕ್ಕು ಕೇಳಿದಾಗ ಏನಾಗುತ್ತದೆ ಎಂದು ಆ ಸಮಿತಿ 1930ರಲ್ಲಿ ಬರೆಯಿತು. ಜಮೀನು ಬಿಡಿಸುತ್ತಾರೆ, ಕೂಲಿ ನಿಲ್ಲಿಸುತ್ತಾರೆ, ಹಾದಿ ಕಟ್ಟುತ್ತಾರೆ, ಅಂಗಡಿಯವನು ಸಾಮಾನು ಕೊಡದಂತೆ ಮಾಡುತ್ತಾರೆ. ಬಹಿಷ್ಕಾರವೇ ಆಯುಧ, ಪರಾಧೀನತೆಯೇ ಬೇರು. ಅದನ್ನು ಕಂಡೇ ಅವರು ದುಂಡುಮೇಜಿನ ಪರಿಷತ್ತಿನ ಮುಂದೆ ಬಹಿಷ್ಕಾರಕ್ಕೆ ಶಿಕ್ಷೆ ಬೇಕೆಂದು ಕೇಳಿದರು. ಶಾಸ್ತ್ರ ಒಂದು ಬೇರು, ಹೊಟ್ಟೆ ಇನ್ನೊಂದು ಬೇರು. ಬಾಬಾಸಾಹೇಬರು ಎರಡನ್ನೂ ಅಗೆದು ತೋರಿಸಿದ್ದರು. ನಮ್ಮ ಜಿಲ್ಲಾಡಳಿತಕ್ಕೆ ಒಂದೂ ಕಾಣುವುದಿಲ್ಲ.

ಇದೇ ಮಾತನ್ನು ನಮ್ಮ ಹುಡುಗರಿಗೂ ಹೇಳಬೇಕಾಗಿದೆ. ಕೇರಿಯ ಹಿರಿಯ 'ಬ್ಯಾಡ್ರೋ ತಮ್ಮಾ, ಊರ ಉಸಾಬರಿ ಬ್ಯಾಡ' ಅಂದರೆ ಅವನನ್ನು ಗುಲಾಮ ಎಂದು ಬಯ್ಯುತ್ತೀರಿ. ಕೋರ್ಟಿನಲ್ಲಿ ಸಾಕ್ಷಿ ತಿರುಗಿದವನನ್ನು ದ್ರೋಹಿ ಅನ್ನುತ್ತೀರಿ. ಅವನ ಮಗಳು ಯಾರ ಗದ್ದೆಯಲ್ಲಿ ನಾಟಿ ಹಚ್ಚುತ್ತಾಳೆ, ಅವನ ಮನೆಯ ಸಾಲ ಯಾರ ಪುಸ್ತಕದಲ್ಲಿದೆ, ಕೇಳಿದ್ದೀರಾ? ಭಾಷಣದಿಂದ ಕ್ಷೌರಿಕ ಬದಲಾಗುವುದಿಲ್ಲ ಎಂದ ಮೇಲೆ ಬೈಗುಳದಿಂದ ಆ ಮುದುಕ ಬದಲಾದಾನೆ? ಅವನ ಹೆದರಿಕೆಗೆ ಬೆನ್ನೆಲುಬಾಗುವ ಕೆಲಸ ಸಂಘಟನೆಯದು.

ಇನ್ನು ಜಾಣರ ಒಂದು ಮಾತಿದೆ. ಮೊದಲು ಅಧ್ಯಯನ ಆಗಲಿ, ವರದಿ ಬರಲಿ, ಆಮೇಲೆ ಕ್ರಮ. ಈ ಆಟ ನಮಗೆ ಗೊತ್ತು. ಕಾರಣ ಹುಡುಕುವುದೆಂದರೆ ಕಡತ ಮಲಗಿಸುವುದಲ್ಲ. ಕೇಸು ಅಂದೇ ದಾಖಲಾಗಬೇಕು. ಮೂರು ಪ್ರಶ್ನೆ ಕೇಳಲು ಆಯೋಗ ಬೇಕಿಲ್ಲ, ಮೂರು ದಿನ ಸಾಕು. ಕೇಳಬೇಕಾದದ್ದು ಕೇರಿಯಲ್ಲಿ, ಕೇಳಬೇಕಾದವರಲ್ಲಿ ಕೇರಿಯವರೂ ಇರಬೇಕು. ಗೌಡರ ಪಡಸಾಲೆಯಲ್ಲಿ ಕೂತು ಬರೆದ ವರದಿಯನ್ನು ನಾವು ಓದುವುದಿಲ್ಲ.

ಕಾನೂನು ಇಲ್ಲವೆಂದು ಯಾರೂ ಹೇಳಬೇಡಿ. 1955ರ ಅಸ್ಪೃಶ್ಯತಾ ಕಾಯ್ದೆ 1976ರಲ್ಲಿ ಬಿಗಿಯಾಗಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಾಯಿತು. ಅಸ್ಪೃಶ್ಯತೆ ನಡೆಯುವ ಪ್ರದೇಶಗಳನ್ನು ಗುರುತಿಸುವ ಹೊಣೆ ಆ ಕಾಯ್ದೆಯ 15ಎ ಕಲಮಿನಲ್ಲೇ ಇದೆ. ಕುಮ್ಮಕ್ಕು ಕೊಟ್ಟವನಿಗೂ ಶಿಕ್ಷೆ ಎನ್ನುವುದು 10ನೆಯ ಕಲಮು. ತನಿಖೆಯನ್ನು ಬೇಕೆಂದೇ ಅಲಕ್ಷಿಸಿದ ಅಧಿಕಾರಿಯೂ ಕುಮ್ಮಕ್ಕು ಕೊಟ್ಟಂತೆ ಎಂದೂ ಅಲ್ಲೇ ಬರೆದಿದೆ. ಊರೇ ಸೇರಿ ಮಾಡಿದರೆ ಸಾಮೂಹಿಕ ದಂಡ ಹಾಕಲು 10ಎ ಇದೆ. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿ ಸಾಮಾಜಿಕ, ಆರ್ಥಿಕ ಬಹಿಷ್ಕಾರವನ್ನು ಹೆಸರಿಟ್ಟೇ ಅಪರಾಧ ಎಂದಿತು. ಆಯುಧ ಇದೆ. ಅದನ್ನು ಕತ್ತರಿ ಹಿಡಿದವನತ್ತ ಮಾತ್ರ ತಿರುಗಿಸುತ್ತಾರೆ, ಅವನ ಬೆನ್ನಹಿಂದೆ ನಿಂತವನತ್ತ ತಿರುಗಿಸುವುದಿಲ್ಲ.

ಆದ್ದರಿಂದ ನಾವು ಕೇಳುವುದು ಇವನ್ನು. ಬೀಗ ಬಿದ್ದ ಪ್ರತಿ ಅಂಗಡಿಯ ಮುಂದೆ ಮೊದಲ ಪ್ರಶ್ನೆ 'ನಿನಗೆ ಹೆದರಿಸಿದವರು ಯಾರು' ಎಂದಾಗಲಿ. ಆ ಹೆಸರುಗಳ ಮೇಲೆ ಕೇಸಾಗಲಿ. ಹೆಸರು ಹೇಳಿದ ಅಂಗಡಿಯವನಿಗೆ ಸಾಕ್ಷಿಯ ರಕ್ಷಣೆ ಸಿಗಲಿ. ಪಂಚಾಯತಿಯ ಜಾಗದಲ್ಲಿ ಅವನಿಗೆ ಮಳಿಗೆ ಕೊಡಿ, ಎಲ್ಲರಿಗೂ ಒಂದೇ ಕುರ್ಚಿ ಎಂಬ ಕರಾರಿನ ಮೇಲೆ ಕೊಡಿ. ಊರು ಅವನನ್ನು ಬಹಿಷ್ಕರಿಸಿದರೆ ಊರಿಗೆ ಸಾಮೂಹಿಕ ದಂಡ ಹಾಕಿ. ಶಾಂತಿ ಸಭೆಯನ್ನು ಗುಡಿಕಟ್ಟೆಯ ಮೇಲೆ ಮಾಡಬೇಡಿ, ಕೇರಿಯಲ್ಲಿ ಮಾಡಿ, ಊರವರು ಕೇರಿಗೆ ಬರಲಿ. ಎಷ್ಟು ಜಾಗೃತಿ ಕಾರ್ಯಕ್ರಮ ಮಾಡಿದಿರಿ ಎಂಬ ಲೆಕ್ಕ ನಮಗೆ ಬೇಡ. ಆರು ತಿಂಗಳಾದ ಮೇಲೆ, ಮಂಗಳವಾರ ಒಂದು ಬಿಟ್ಟು ಬೇರೆ ಯಾವ ದಿನವಾದರೂ ಬನ್ನಿ. ಅಂಗಡಿ ತೆರೆದಿದೆಯೆ, ಕುರ್ಚಿಯ ಮೇಲೆ ಕೇರಿಯ ಹುಡುಗ ಕೂತಿದ್ದಾನೆಯೆ, ಅವನ ಪಾಳಿ ಮುಗಿಯಲೆಂದು ಬೆಂಚಿನ ಮೇಲೆ ಗೌಡರ ಮಗ ಕಾಯುತ್ತಿದ್ದಾನೆಯೆ ಎಂದು ನೋಡಿ. ಲೆಕ್ಕ ಅದು.

ಅಲ್ಲಿಯವರೆಗೆ ಶಾಮಿಯಾನಾ ಮಡಚಿಡಿ. ನಮ್ಮ ಹುಡುಗರು ಕುರ್ಚಿ ಕೇಳುವುದನ್ನು ನಿಲ್ಲಿಸುವುದಿಲ್ಲ.